ಅರ್ಧ ದೆವ್ವ ಪರದೆಯ ಮೇಲೆ, ಇನ್ನರ್ಧ ಬೆಂಚಿನ ಮೇಲೆ

ಕಲಬುರಗಿಯಲ್ಲಿ ಸಿನಿಮಾ ಇಷ್ಟಪಡುವ ಒಂದಿಷ್ಟು ಜನ ಸೇರಿದ್ದಾಗ ಆಡಿದ ಮಾತುಗಳಿವು. ಬಂದವರು ಬರೆದುಕೊಡಿ ಅಂದರು. ಬರೆಯುವಾಗ, ಅಲ್ಲಿ ಹೊತ್ತಾಯಿತು ಅಂತ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಉಳಿದದ್ದು ಹೇಳಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಮಾತು ಕೇಳಿಬಿಡುತ್ತೇನೆ. ಇಲ್ಲಿ ಕೂತವರಲ್ಲಿ ಯಾರ್ಯಾರು ದೆವ್ವದ ಪಿಚ್ಚರಿನ ಸೆಕೆಂಡ್ ಶೋ ನೋಡಿ, ಆಮೇಲೆ ನಡೆದುಕೊಂಡು ಮನೆಗೆ ಹೋಗಿದ್ದೀರಿ? ಕೈ ಎತ್ತಿ. (ಹತ್ತು ಹನ್ನೆರಡು ಕೈ ಎದ್ದವು. ಎಲ್ಲ ನರೆತ ಕೂದಲಿನವರದೇ. ಹಿಂದೆ ಕೂತ ಕಾಲೇಜು ಹುಡುಗರು ಅವರನ್ನು ತಿರುತಿರುಗಿ ನೋಡಿದರು.)

ನನ್ನ ಮಾತು ಆ ಹಿಂದಿನ ಸಾಲಿನ ಹುಡುಗರಿಗೆ. ಯಾಕೆಂದರೆ ಅವರಲ್ಲೇ ಒಬ್ಬ ಹೋದ ತಿಂಗಳು ನನ್ನ ಹತ್ತಿರ ಬಂದು ಹೇಳಿದ: "ಸರ್, ನೀವು ಹೇಳಿದ ಪಿಚ್ಚರ್ ಮೊಬೈಲ್‌ನಾಗ ನೋಡಿದ್ವಿ. ಅಂಜಿಕಿನೇ ಬರಲಿಲ್ರಿ. ನೀವೆಲ್ಲಾ ಅದಕ್ಕ ಯಾಕ ಅಷ್ಟು ಅಂಜ್ತಿದ್ರಿ?" ಅವನು ಕೀಟಲೆಗೆ ಕೇಳಿದ್ದಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ. ನಾನು ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಆಮೇಲೆ ತುಂಬಾ ದಿನ ಅದೇ ತಲೆಯಲ್ಲಿ ಉಳಿಯಿತು. ಈಗ ಉತ್ತರ ಸಿಕ್ಕಿದೆ ಅನ್ನಿಸುತ್ತದೆ. ತಮ್ಮಾ, ನೀನು ನೋಡಿದ್ದು ಅರ್ಧ ಪಿಚ್ಚರ್. ಇನ್ನರ್ಧ ಟಾಕೀಸಿನಲ್ಲಿತ್ತು.

ಇದನ್ನು ಸುಮ್ನೆ ಚಂದಕ್ಕೆ ಹೇಳುತ್ತಿಲ್ಲ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ನಮ್ಮ ಕಾಕಾ ಇಲ್ಲಿನ ಒಂದು ಹಳೆಯ ಟಾಕೀಸಿನಲ್ಲಿ ಆಪರೇಟರ್, ಅಂದರೆ ಮಷೀನಿನಲ್ಲಿ ಪಿಚ್ಚರ್ ಓಡಿಸುವವರು, ಆಗಿದ್ದರು. 'ಪುರಾನಾ ಮಂದಿರ್' ನಮ್ಮೂರಿಗೆ ಬಂದಾಗ ನಾನು ಚಡ್ಡಿ ಹಾಕುವ ವಯಸ್ಸಿನವನು. ರಾಮ್ಸೆ ಸಹೋದರರ ಪಿಚ್ಚರ್ ಅದು, 1984ರದ್ದು, ಆ ವರ್ಷದ ದೊಡ್ಡ ಹಿಟ್‌ಗಳಲ್ಲಿ ಒಂದು. ಎ ಸರ್ಟಿಫಿಕೇಟ್ ಇದ್ದದ್ದರಿಂದ ಹುಡುಗರನ್ನು ಒಳಗೆ ಬಿಡುವ ಹಾಗಿರಲಿಲ್ಲ. ನಾನು ಹಟ ಹಿಡಿದೆ. ಅವ್ವ ಬೈದಳು. ಕಾಕಾ ಮಾತ್ರ ಏನೂ ಅನ್ನದೆ ಸಂಜೆ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿಸಿ ಕ್ಯಾಬಿನ್ನಿನಲ್ಲಿ ಒಂದು ಡಬ್ಬಿಯ ಮೇಲೆ ನಿಲ್ಲಿಸಿದರು. "ಸಪ್ಪಳ ಮಾಡಬ್ಯಾಡ. ಈ ಕಿಂಡ್ಯಾಗಿಂದ ನೋಡು. ಅಂಜಿಕಿ ಬಂದ್ರ ಹೇಳು, ಕಿಂಡಿ ಮುಚ್ಚತೀನಿ."

ಕ್ಯಾಬಿನ್ನಿನ ಕಿಂಡಿಯಿಂದ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅಲ್ಲಿಂದ ಪಿಚ್ಚರಷ್ಟೇ ಕಾಣುವುದಿಲ್ಲ, ಪಿಚ್ಚರ್ ನೋಡುವ ಜನರೂ ಕಾಣುತ್ತಾರೆ. ಕೆಳಗೆ ನೂರಾರು ತಲೆ. ಪರದೆಯ ಬೆಳಕು ಹೆಚ್ಚಾದಾಗ ಕಾಣುತ್ತವೆ, ಕಡಿಮೆಯಾದಾಗ ಮಾಯವಾಗುತ್ತವೆ. ಹವೇಲಿಯ ಬಾಗಿಲು ಕಿರ್ರ್ ಅಂದ ಕೂಡಲೇ ಮುಂದಿನ ಬೆಂಚಿನವರ ಮಾತು ನಿಲ್ಲುತ್ತಿತ್ತು. ಆಮೇಲೆ ಬೀಡಿಯ ಕೆಂಪು ಚುಕ್ಕೆಗಳು ಒಂದೊಂದಾಗಿ ಅಲುಗಾಡದೆ ನಿಂತುಬಿಡುತ್ತಿದ್ದವು. ಆಮೇಲೆ ಹೆಂಗಸರ ಕಡೆಯಿಂದ ಒಂದು ಸಪ್ಪಳ. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಕಿರುಚಾಟ ಅಲ್ಲ, ಬಳೆ. ಹೆದರಿದಾಗ ಎಲ್ಲರೂ ಒಮ್ಮೆಲೇ ಕೈ ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದರು, ಅಷ್ಟೂ ಗಾಜಿನ ಬಳೆಗಳು ಒಂದೇ ಸಲ ಘಲ್ ಅನ್ನುತ್ತಿದ್ದವು. ಕಿರುಚಾಟ ಅದರ ನಂತರ. ಕತ್ತಲಲ್ಲಿ ಆ ಬಳೆಯ ಸಪ್ಪಳ ಕೇಳಿದ ಗಂಡಸರು, ಪರದೆಯ ಮೇಲೆ ಇನ್ನೂ ಏನೂ ಬಂದಿರದಿದ್ದರೂ, ಕುರ್ಚಿಯಲ್ಲಿ ಸರಿದು ಕೂರುತ್ತಿದ್ದರು. ಅವರನ್ನು ಹೆದರಿಸಿದ್ದು ಸಾಮ್ರಿ ಅಲ್ಲ, ಪಕ್ಕದ ಸಾಲಿನ ಬಳೆ.

ಸಾಮ್ರಿ ಅಂದರೆ ಆ ಪಿಚ್ಚರಿನ ರಾಕ್ಷಸ. ಅವನ ತಲೆ ಕಡಿದು ಹವೇಲಿಯಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ, ದೇಹವನ್ನು ಹಳೆಯ ಗುಡಿಯ ಹತ್ತಿರ ಹೂತಿರುತ್ತಾರೆ. ಎರಡೂ ಸೇರಿದರೆ ಅವನು ಏಳುತ್ತಾನೆ. ಪಾತ್ರ ಮಾಡಿದ ಅನಿರುದ್ಧ್ ಅಗರ್ವಾಲ್ ಎಂಜಿನಿಯರಿಂಗ್ ಓದಿದವರು. ಬಹಳ ಎತ್ತರದ ಮನುಷ್ಯ. ಆ ಪಿಚ್ಚರಿನ ನಂತರ ಅವರ ಮುಖ ನಮ್ಮ ತಲೆಮಾರಿನವರ ಕನಸಿಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ರಾಮ್ಸೆಗಳ ಬಗ್ಗೆ ಒಂದು ನಿಜವಾದ ಕಥೆ ಇದೆ. ನನ್ನ ಮಾತಿಗೆ ಅದೇ ಬೇರು. ತಂದೆ ಎಫ್.ಯು. ರಾಮ್ಸೆ ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದವರು, ದೇಶ ಇಬ್ಭಾಗವಾದಾಗ ಮುಂಬೈಗೆ ಬಂದರು. ಏಳು ಜನ ಗಂಡುಮಕ್ಕಳು. 1970ರಲ್ಲಿ ಅವರು ತೆಗೆದ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ಓಡಲಿಲ್ಲ. ಅದು ದೆವ್ವದ ಪಿಚ್ಚರ್ ಅಲ್ಲ. ಆದರೆ ಅದರಲ್ಲಿ ಒಂದು ದೃಶ್ಯ ಇತ್ತು. ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿಕೊಂಡು ಮ್ಯೂಸಿಯಂಗೆ ಕಳ್ಳತನಕ್ಕೆ ನುಗ್ಗುತ್ತಾರೆ. ತುಳಸಿ ಮತ್ತು ಶ್ಯಾಮ್ ರಾಮ್ಸೆ ಟಾಕೀಸಿನಲ್ಲಿ ಕೂತು ಜನರನ್ನು ಗಮನಿಸಿದರು. ಪಿಚ್ಚರ್ ಯಾರಿಗೂ ಬೇಕಾಗಿರಲಿಲ್ಲ, ಆ ಒಂದು ದೃಶ್ಯ ಮಾತ್ರ ಎಲ್ಲರಿಗೂ ಬೇಕಾಗಿತ್ತು. ಅಣ್ಣತಮ್ಮಂದಿರು ಮನೆಗೆ ಬಂದು ಅಪ್ಪನಿಗೆ ಹೇಳಿದರು, ಪೂರ್ತಿ ಹೆದರಿಸುವ ಪಿಚ್ಚರನ್ನೇ ಮಾಡೋಣ ಅಂತ. 1972ರಲ್ಲಿ 'ದೋ ಗಜ್ ಜಮೀನ್ ಕೇ ನೀಚೆ' ಬಂತು. ಮಹಾಬಲೇಶ್ವರದಲ್ಲಿ ಸಣ್ಣ ತಂಡ ಕಟ್ಟಿಕೊಂಡು ತೆಗೆದದ್ದು. ಒಬ್ಬ ಅಣ್ಣ ಕ್ಯಾಮೆರಾ, ಒಬ್ಬ ಸೌಂಡ್, ಒಬ್ಬ ಎಡಿಟಿಂಗ್, ಹೀಗೆ ಮನೆಮಂದಿಯೇ ಎಲ್ಲ ಕೆಲಸ ಹಂಚಿಕೊಂಡರು.

ನೋಡಿ, ಅವರಿಗೆ ದಾರಿ ಸಿಕ್ಕಿದ್ದು ಪುಸ್ತಕದಿಂದ ಅಲ್ಲ. ಟಾಕೀಸಿನಲ್ಲಿ ಪರದೆಗೆ ಬೆನ್ನು ಮಾಡಿ ಜನರ ಮುಖ ನೋಡಿದ್ದರಿಂದ. ಅದಕ್ಕೇ ಅವರ ಪಿಚ್ಚರುಗಳು ತುಂಬಿದ ಟಾಕೀಸಿನ ಅಳತೆಗೆ ಹೊಲಿದ ಅಂಗಿಯ ಹಾಗಿವೆ. ಒಬ್ಬನೇ ಮಲಗಿ ಮೊಬೈಲಿನಲ್ಲಿ ನೋಡಿದರೆ ಆ ಅಂಗಿ ದೊಗಳೆ ಅನ್ನಿಸುವುದು ಸಹಜ.

ಒಂದು ಉದಾಹರಣೆ ಕೊಡುತ್ತೇನೆ. 'ಪುರಾನಾ ಮಂದಿರ್' ನಡುವೆ ಹಾಸ್ಯನಟ ಜಗದೀಪ್ ಬರುತ್ತಾರೆ, 'ಶೋಲೆ'ಯ ಅಣಕ ನಡೆಯುತ್ತದೆ. ಕಥೆಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಈಗಿನ ಹುಡುಗರು ಅಲ್ಲಿ ಬೆರಳು ಒತ್ತಿ ಮುಂದಕ್ಕೆ ಓಡಿಸಿಬಿಡುತ್ತಾರೆ. ವಿಮರ್ಶೆ ಬರೆಯುವವರೂ ಇದೆಲ್ಲ ಬೇಡವಾಗಿತ್ತು ಅಂತಾರೆ. ನಾನು ಒಪ್ಪುವುದಿಲ್ಲ. ಕಿಂಡಿಯಿಂದ ನೋಡಿದವನಾಗಿ ಹೇಳುತ್ತಿದ್ದೇನೆ, ಆ ಭಾಗ ಉಸಿರು ಬಿಡಲಿಕ್ಕೆ ಇಟ್ಟದ್ದು. ಹೆದರಿದ ಏಳೆಂಟು ನೂರು ಜನರಿಗೆ ಒಂದು ದೊಡ್ಡ ನಗು ಬೇಕಾಗುತ್ತದೆ. ನಗುತ್ತಾರೆ, ಕೆಮ್ಮುತ್ತಾರೆ, ಶೇಂಗಾ ಸಿಪ್ಪೆ ಸುಲಿಯುತ್ತಾರೆ, ಪಕ್ಕದವನಿಗೆ "ನಾ ಏನು ಅಂಜಲಿಲ್ಲ ಬಿಡು" ಅಂತಾರೆ. ಮೈಯೆಲ್ಲ ಸಡಿಲವಾಗುತ್ತದೆ. ಆಗ ಮತ್ತೆ ಹವೇಲಿ ತೋರಿಸುತ್ತಾರೆ. ಸಡಿಲವಾದ ಮೈಗೆ ಮಾತ್ರ ಎರಡನೇ ಹೊಡೆತ ಜೋರಾಗಿ ಬೀಳುತ್ತದೆ. ನಗುವನ್ನು ಓಡಿಸಿ ದೆವ್ವವನ್ನು ಮಾತ್ರ ನೋಡಿದರೆ ಹದಿನೈದು ನಿಮಿಷದಲ್ಲಿ ದೆವ್ವವೂ ಬೇಜಾರು ಬರುತ್ತದೆ.

ಇನ್ನು ಮಷೀನಿನ ವಿಷಯ. ಇದು ನನಗೆ ಬಹಳ ಪ್ರೀತಿಯ ವಿಷಯ, ಸ್ವಲ್ಪ ಜಾಸ್ತಿ ಹೊತ್ತು ಆದರೂ ಕೇಳಿ.

ಆಗ ಬಲ್ಬ್ ಇರಲಿಲ್ಲ, ಕಾರ್ಬನ್ ಕಡ್ಡಿ. ಎರಡು ಕಡ್ಡಿಗಳ ತುದಿ ಎದುರುಬದುರು ಇಟ್ಟು ಕರೆಂಟ್ ಕೊಟ್ಟರೆ ನಡುವೆ ಬೆಂಕಿಯ ಬೆಳಕು ಹತ್ತುತ್ತದೆ. ಕಡ್ಡಿ ಉರಿದು ಸಣ್ಣದಾಗುತ್ತಾ ಹೋಗುತ್ತದೆ, ನಡುವಿನ ಅಂತರ ಸರಿ ಇಡುತ್ತಲೇ ಇರಬೇಕು. ಕಾಕಾ ಬಣ್ಣದ ಗಾಜಿನ ಸಣ್ಣ ಕಿಟಕಿಯಲ್ಲಿ ನೋಡುತ್ತಾ ಗುಬುಟು ತಿರುಗಿಸುತ್ತಿದ್ದರು. ಕಡ್ಡಿಗೆ ದುಡ್ಡು ಜಾಸ್ತಿ. ಅದಕ್ಕೆ ಮಾಲೀಕರು ತುಂಡು ಕಡ್ಡಿಗಳನ್ನೂ ಜೋಡಿಸಿ ಕೊನೆಯವರೆಗೆ ಉರಿಸಿ ಅನ್ನುತ್ತಿದ್ದರು. ಕೊನೆಗೆ ಬಂದ ಕಡ್ಡಿಯ ಬೆಳಕು ಹಳದಿಯಾಗಿ ಮಂಕಾಗುತ್ತದೆ. ಸಂಸಾರದ ಕಥೆಯಾದರೆ ಜನ "ಏ ಲೈಟ್!" ಅಂತ ಕೂಗುತ್ತಿದ್ದರು. ದೆವ್ವದ ಪಿಚ್ಚರಿನಲ್ಲಿ ಯಾರೂ ಕೂಗುತ್ತಿರಲಿಲ್ಲ. ಮೊದಲೇ ರಾತ್ರಿಯ ದೃಶ್ಯ, ಮೇಲೆ ಮಂಕು ಬೆಳಕು. ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ, ಹೆಜ್ಜೆಯ ಸಪ್ಪಳ ಮಾತ್ರ ಕೇಳುತ್ತಿತ್ತು. ಕಾಣದಿರುವುದಕ್ಕಿಂತ ದೊಡ್ಡ ದೆವ್ವ ಯಾವುದಿದೆ ಹೇಳಿ.

ಫಿಲ್ಮು ಸೆಕೆಂಡಿಗೆ 24 ಚೌಕ ಓಡುತ್ತದೆ ಅಂತ ನಿಮಗೆಲ್ಲ ಗೊತ್ತು. ಒಂದು ಚೌಕ ಸರಿದು ಇನ್ನೊಂದು ಬರುವಾಗ ಬೆಳಕಿಗೆ ಅಡ್ಡವಾಗಿ ಒಂದು ತಗಡು ತಿರುಗುತ್ತದೆ, ಇಲ್ಲದಿದ್ದರೆ ಚಿತ್ರ ಎಳೆದ ಹಾಗೆ ಕಾಣುತ್ತದೆ. ಬೆಳಕು ಮಿಣುಕದ ಹಾಗೆ ಕಾಣಲಿ ಅಂತ ಒಂದೊಂದು ಚೌಕಕ್ಕೂ ಎರಡು ಸಲ ಅದು ಅಡ್ಡ ಬರುತ್ತದೆ. ಅಂದರೆ ಸೆಕೆಂಡಿಗೆ 48 ಸಲ ಪರದೆ ಪೂರ್ತಿ ಕತ್ತಲು. ಇದನ್ನೆಲ್ಲ ಕೂಡಿಸಿದರೆ ಪಿಚ್ಚರ್ ನಡೆಯುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತು ನಾವು ಬರೀ ಕತ್ತಲಲ್ಲಿ ಕೂತಿರುತ್ತೇವೆ, ಗೊತ್ತಾಗುವುದಿಲ್ಲ ಅಷ್ಟೇ. ಕಾಕಾ ಇದನ್ನು ಹೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಆ ಕತ್ತಲಲ್ಲಿ ಯಾರಿರುತ್ತಾರೆ ಅಂತ ಯೋಚಿಸುತ್ತಾ ಮಲಗಿದ್ದೆ.

ಅವರೇ ನನಗೆ ಚುಕ್ಕೆ ನೋಡಲು ಕಲಿಸಿದರು. ಒಂದು ರೀಲು ಮುಗಿಯುವ ಮುಂಚೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಆಗ ಎರಡನೇ ಮಷೀನಿನ ಮೋಟಾರ್ ಶುರು ಮಾಡಬೇಕು. ಏಳೆಂಟು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕೆ. ಆಗ ಬೆಳಕನ್ನು ಈ ಮಷೀನಿನಿಂದ ಆ ಮಷೀನಿಗೆ ಬದಲಿಸಬೇಕು. ನನಗೆ ಹೆದರಿಕೆಯಾದಾಗಲೆಲ್ಲ ಆ ಮೂಲೆಯನ್ನೇ ನೋಡುತ್ತಿದ್ದೆ. ನಡುವೆ ಸಾಮ್ರಿ ನಿಂತಿದ್ದರೂ ಕಣ್ಣು ಚುಕ್ಕೆಗೇ. ಕಾಕಾಗೆ ಈಗ ವಯಸ್ಸಾಗಿದೆ. ಮೊನ್ನೆ ಟಿವಿಯಲ್ಲಿ ಯಾವುದೋ ಹಳೆಯ ಪಿಚ್ಚರ್ ನಡೆಯುವಾಗ ಅವರ ಪಕ್ಕ ಕೂತಿದ್ದೆ. ಚುಕ್ಕೆ ಬಂತು. ಅವರ ಬಲಗೈ ಮಂಚದ ಅಂಚಿಗೆ ತಾನಾಗಿ ಹೋಯಿತು.

ರೀಲಿನ ಕೊನೆಯ ಭಾಗ ಬೇಗ ಸವೆಯುತ್ತದೆ. ಊರೂರು ತಿರುಗಿ ಬಂದ ಪ್ರಿಂಟು, ತುಂಡಾದ ಕಡೆಯಲ್ಲೆಲ್ಲ ಕತ್ತರಿಸಿ ಅಂಟು ಹಚ್ಚಿ ಜೋಡಿಸುತ್ತಾರೆ. ಪ್ರತಿ ಸಲವೂ ಒಂದಿಷ್ಟು ಚೌಕ ಹೋಗುತ್ತವೆ. ನಮ್ಮೂರು ಸಿನಿಮಾ ವ್ಯಾಪಾರದ ಲೆಕ್ಕದಲ್ಲಿ ನಿಜಾಂ ಸರ್ಕ್ಯೂಟಿನೊಳಗೆ, ಅಂದರೆ ಹಳೆಯ ಹೈದರಾಬಾದ್ ಸಂಸ್ಥಾನದ ಹಂಚಿಕೆ ವಲಯದೊಳಗೆ, ಬರುತ್ತದೆ. 1956ರಲ್ಲಿ ರಾಜ್ಯ ಬೇರೆಯಾದರೂ ಹಿಂದಿ ಪಿಚ್ಚರಿನ ವ್ಯಾಪಾರಿಗಳು ಹಳೆಯ ಗಡಿಯನ್ನೇ ಇಟ್ಟುಕೊಂಡರು, ಹೈದರಾಬಾದಿನಿಂದಲೇ ನಮಗೆ ಪೆಟ್ಟಿಗೆ ಬರುತ್ತಿತ್ತು. ದೊಡ್ಡ ಊರುಗಳಲ್ಲಿ ಓಡಿ ಸುಸ್ತಾದ ಪ್ರಿಂಟು ಕೊನೆಗೆ ನಮಗೆ. ನಮ್ಮ ಟಾಕೀಸಿನಲ್ಲಿ ನೋಡಿದ ಒಂದು ಪಿಚ್ಚರಿನಲ್ಲಿ ನಾಯಕಿ ಬಾಗಿಲ ಕಡೆ ನೋಡುತ್ತಾಳೆ, ಮರುಕ್ಷಣವೇ ದೆವ್ವ ಅವಳ ಮಂಚದ ಪಕ್ಕ ನಿಂತಿರುತ್ತದೆ. ಜನ ಹೌಹಾರಿ ಎದ್ದು ನಿಂತಿದ್ದರು. ಹತ್ತು ಹದಿನೈದು ವರ್ಷದ ನಂತರ ಟಿವಿಯಲ್ಲಿ ಅದೇ ದೃಶ್ಯ ಬಂತು. ಬಾಗಿಲು ನಿಧಾನಕ್ಕೆ ತೆರೆಯುತ್ತದೆ, ದೆವ್ವ ನಡೆದು ಬರುತ್ತದೆ, ಪಕ್ಕ ಬಂದು ನಿಲ್ಲುತ್ತದೆ. ನಮ್ಮ ಪ್ರಿಂಟಿನಲ್ಲಿ ಆ ನಡಿಗೆಯೇ ಇರಲಿಲ್ಲ, ಎಲ್ಲೋ ಯಾರೋ ಕತ್ತರಿಸಿ ಅಂಟಿಸಿದ್ದರು. ನಿರ್ದೇಶಕರು ಮಾಡಿದ್ದಕ್ಕಿಂತ ನಮಗೆ ಸಿಕ್ಕ ದೆವ್ವವೇ ಜೋರಾಗಿತ್ತು ಅಂತ ನಾನು ಇವತ್ತಿಗೂ ವಾದ ಮಾಡುತ್ತೇನೆ.

ಕೆಲವು ಸಲ ಒಂದೇ ಪ್ರಿಂಟನ್ನು ಎರಡು ಟಾಕೀಸಿನಲ್ಲಿ ಓಡಿಸುತ್ತಿದ್ದರು. ಇಲ್ಲಿ ಅರ್ಧ ಗಂಟೆ ಮೊದಲು ಶುರು, ಅಲ್ಲಿ ಅರ್ಧ ಗಂಟೆ ತಡವಾಗಿ. ಮುಗಿದ ರೀಲನ್ನು ಹುಡುಗನೊಬ್ಬ ಸೈಕಲ್ಲಿಗೆ ಕಟ್ಟಿಕೊಂಡು ಓಡಬೇಕು. ನಾನೂ ರಜೆಯಲ್ಲಿ ಆ ಕೆಲಸ ಮಾಡಿದ್ದೇನೆ. ಒಂದು ಸಂಜೆ ಉರುಸಿನ ಜನಜಂಗುಳಿಯಲ್ಲಿ ಸಿಕ್ಕಿಕೊಂಡು ತಡವಾಯಿತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಆ ಟಾಕೀಸಿನಲ್ಲಿ ಪರದೆ ಬೆಳ್ಳಗಾಗಿ ಹತ್ತು ನಿಮಿಷ ಆಗಿತ್ತು. ನಾಯಕಿ ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗಲೇ ರೀಲು ಮುಗಿದಿದೆ. ಗಲಾಟೆ ಆಗಿರುತ್ತದೆ, ಬೈಯುತ್ತಾರೆ ಅಂತ ಹೆದರಿ ಒಳಗೆ ಇಣುಕಿದೆ. ಯಾರೂ ಎದ್ದಿರಲಿಲ್ಲ. ಎಲ್ಲರೂ ಪಿಸುಮಾತಿನಲ್ಲಿ ಕೆಳಗೆ ಏನಿರಬಹುದು ಅಂತ ಮಾತಾಡಿಕೊಳ್ಳುತ್ತಿದ್ದರು. ಗೊತ್ತೇ ಇಲ್ಲದ ಜನ, ಒಬ್ಬರಿಗೊಬ್ಬರು. ಆ ಹತ್ತು ನಿಮಿಷದಲ್ಲಿ ಅವರು ಕಟ್ಟಿದ ದೆವ್ವವನ್ನು ಯಾವ ಕ್ಯಾಮೆರಾವೂ ತೆಗೆದಿಲ್ಲ.

ಕಟ್ಟಡವೂ ಸುಮ್ಮನಿರುತ್ತಿರಲಿಲ್ಲ. ನಮ್ಮ ಬೇಸಿಗೆ ನಿಮಗೆ ಗೊತ್ತಲ್ಲ, 42, 43 ಡಿಗ್ರಿ. ಟಾಕೀಸಿನ ಮೇಲೆ ತಗಡು. ಹಗಲೆಲ್ಲ ಕಾದ ತಗಡು ಸೆಕೆಂಡ್ ಶೋ ಹೊತ್ತಿಗೆ ತಣ್ಣಗಾಗುತ್ತಾ ಕುಗ್ಗುತ್ತದೆ. ಟಕ್... ಟಕ್... ಟಕ್... ಯಾರೋ ಮೇಲೆ ನಡೆದಾಡಿದ ಹಾಗೆ. ಪರದೆಯ ಮೇಲೆ ಮೌನ ಇದ್ದಾಗಲೇ ಅದು ಕೇಳುವುದು. ಬಾವಲಿಗಳೂ ಇದ್ದವು. ಮಷೀನಿನ ಬೆಳಕಿಗೆ ಅಡ್ಡ ಹಾರಿದರೆ ಪರದೆಯ ತುಂಬ ಅದರ ನೆರಳು. 'ದೆವ್ವಕ್ಕ ಮೊದಲೇ ಬಾವಲಿ ಬಂತು' ಅಂತ ಯಾರೋ ಕೂಗಿ, ನಕ್ಕು, ಆಮೇಲೆ ಅವರೇ ಸುಮ್ಮನಾಗುತ್ತಿದ್ದರು.

ಮತ್ತೆ ಭಾಷೆ. ಹಿಂದಿ ಪಿಚ್ಚರ್ ಅಂತ ಹೆಸರಿಗೆ. ಕೂತವರು ಕನ್ನಡದವರು, ದಖ್ಖನಿಯವರು, ತೆಲುಗಿನವರು, ಮರಾಠಿಯವರು, ತಾಂಡಾದಿಂದ ಬಂದ ಲಂಬಾಣಿ ಜನ. ದೆವ್ವದ ಪಿಚ್ಚರಿಗೆ ಮಾತು ಅಷ್ಟು ಬೇಡ, ಅದಕ್ಕೇ ಅದು ನಮ್ಮೂರಲ್ಲಿ ಅಷ್ಟು ಓಡುತ್ತಿತ್ತು. ನಾಯಕಿ ಹವೇಲಿಯ ಬಾಗಿಲಿಗೆ ಕೈ ಹಾಕಿದರೆ ಒಂದು ಬೆಂಚಿನಿಂದ "ಬ್ಯಾಡ ಯವ್ವಾ, ಒಳಗ ಅದ ಅದು!", ಇನ್ನೊಂದು ಬೆಂಚಿನಿಂದ "ಅಂದರ್ ನಕ್ಕೋ ಜಾ ಅಮ್ಮಾ!". ಅವಳು ಇಬ್ಬರ ಮಾತೂ ಕೇಳುತ್ತಿರಲಿಲ್ಲ.

ಎಲ್ಲ ಹಳೆಯ ಪಿಚ್ಚರುಗಳೂ ಹಲ್ಲು, ರಕ್ತ ತೋರಿಸಿ ಹೆದರಿಸಿದವಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು ಕಮಾಲ್ ಅಮ್ರೋಹಿಯವರ 'ಮಹಲ್', 1949ರದ್ದು. ಅಶೋಕ್ ಕುಮಾರ್, ಮಧುಬಾಲಾ. ಅದನ್ನು ಎಷ್ಟೋ ವರ್ಷದ ನಂತರ ಮಾರ್ನಿಂಗ್ ಶೋಗೆ ಹಾಕಿದ್ದರು. ಅದರಲ್ಲಿ ದೆವ್ವ ಅಂದರೆ ಒಂದು ಹಾಡು, 'ಆಯೇಗಾ ಆನೇವಾಲಾ'. ಖೇಮಚಂದ್ ಪ್ರಕಾಶ್ ಸಂಗೀತ. ದೂರದಿಂದ ದನಿ ಬಂದ ಹಾಗೆ ಕೇಳಲಿ ಅಂತ ಲತಾ ಮಂಗೇಶ್ಕರ್ ಕೋಣೆಯ ಮೂಲೆಯಿಂದ ಹಾಡುತ್ತಾ ಮೈಕಿನ ಕಡೆಗೆ ನಡೆದುಬಂದರಂತೆ. ರೆಕಾರ್ಡಿನ ಮೇಲೆ ಅವರ ಹೆಸರೇ ಇರಲಿಲ್ಲ, ಪಾತ್ರದ ಹೆಸರು ಕಾಮಿನಿ ಅಂತ ಹಾಕಿದ್ದರು. ರೇಡಿಯೋ ಕೇಳುವವರು ಹಾಡಿದ್ದು ಯಾರು ಅಂತ ಕಾಗದ ಬರೆದು ಕೇಳಿದರು. ಯೋಚಿಸಿ, ಮುಖವೂ ಇಲ್ಲ ಹೆಸರೂ ಇಲ್ಲದ ದನಿ. ಟಾಕೀಸಿನ ಪರದೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಹಿಂದೆ ಇಟ್ಟ ಸ್ಪೀಕರಿನ ದನಿ ಅವುಗಳ ಮೂಲಕ ಬರುತ್ತದೆ. ಮುಂದಿನ ಬೆಂಚಿನಲ್ಲಿ ಕೂತು ಕೇಳಿದರೆ ಆ ಹಾಡು ಮಹಲಿನ ಗೋಡೆಯ ಆಚೆಯಿಂದಲೇ ಬರುತ್ತಿದೆ ಅನ್ನಿಸುತ್ತಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಅದೇ ಹಾಡು ನಿಮ್ಮ ತಲೆಯೊಳಗೆ ಕೇಳುತ್ತದೆ. ದೂರ ಇಲ್ಲ. ದೂರ ಇಲ್ಲದಿದ್ದರೆ ಯಾರೂ ಬರುತ್ತಿಲ್ಲ ಅಂತ ಅರ್ಥ ಅಲ್ವಾ.

ಶೋ ಬಿಟ್ಟ ಮೇಲೆ ಮನೆಗೆ ಹೋಗುವ ದಾರಿಯೂ ಪಿಚ್ಚರಿನ ಒಂದು ಭಾಗ. ನಾವು ಕೋಟೆಯ ಕಂದಕದ ಪಕ್ಕದಿಂದ ಹೋಗಬೇಕಿತ್ತು. ಹೊರಗಿನಿಂದ ಬಂದವರು ಕೇಳುತ್ತಾರೆ, ನಿಮ್ಮೂರಲ್ಲಿ ಇಷ್ಟು ಗೋರಿಗಳು, ಹಫ್ತ್ ಗುಂಬಜ್, ಚೋರ್ ಗುಂಬಜ್, ಹೆದರಿಕೆ ಆಗುವುದಿಲ್ವಾ ಅಂತ. ಇಲ್ಲ. ಬಹಮನಿ ಸುಲ್ತಾನರ ಗುಂಬಜ್‌ಗಳ ಸುತ್ತ ನಾವು ಗಾಳಿಪಟ ಹಾರಿಸಿದವರು, ಅವುಗಳ ನೆರಳಲ್ಲಿ ಮೇಕೆಗಳು ಮಲಗುತ್ತವೆ. ಗೋರಿಗಳ ನಡುವೆ ಬೆಳೆದವರಿಗೆ ಗೋರಿ ನೆರೆಮನೆ. ನಮಗೆ ಹೆದರಿಕೆ ಆಗುತ್ತಿದ್ದದ್ದು ಬೀಗ ಹಾಕಿದ ವಾಡೆ ಅಂದರೆ ಹಳೆಯ ದೊಡ್ಡ ಮನೆ, ನೀರಿಲ್ಲದ ಬಾವಿ. ರಾಮ್ಸೆಯವರ ಪಿಚ್ಚರಿನಲ್ಲಿ ಹವೇಲಿ ನೋಡಿದಾಗ ನಮ್ಮ ಓಣಿಯ ಯಾವ ವಾಡೆ ಅಂತ ಎಲ್ಲರಿಗೂ ತಕ್ಷಣ ಹೊಳೆಯುತ್ತಿತ್ತು. ಆ ವಾಡೆಯ ಮುಂದೆ ಬಂದಾಗ ದೊಡ್ಡವರೂ ಬಾಯಿ ಮುಚ್ಚಿ ಜೋರಾಗಿ ಹೆಜ್ಜೆ ಹಾಕುತ್ತಿದ್ದರು.

ಕಿಂಡಿಯಿಂದ 'ಪುರಾನಾ ಮಂದಿರ್' ನೋಡಿ ಬಂದ ಮೇಲೆ ನನಗೆ ಎರಡು ದಿನ ಜ್ವರ ಬಂತು. ಆಯಿ, ಅಂದರೆ ನಮ್ಮ ಅಜ್ಜಿ, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಅಂದರೆ ದೃಷ್ಟಿ ದೊಡ್ಡದೇ ಆಗಿತ್ತು ಅಂತ ಅವಳ ತೀರ್ಮಾನ. ಕಾಕಾಗೆ ಬೈಗುಳ.

ಅದೇ ಆಯಿ ಮುಂದೆ ನನ್ನ ಜೊತೆ 'ನಾ ನಿನ್ನ ಬಿಡಲಾರೆ' ನೋಡಲು ಬಂದಳು. 1979ರ ಕನ್ನಡ ಪಿಚ್ಚರ್, ಅನಂತನಾಗ್, ಲಕ್ಷ್ಮಿ, ರಾಜನ್-ನಾಗೇಂದ್ರ ಸಂಗೀತ. ಮತ್ತೆ ಮತ್ತೆ ಬರುತ್ತಿತ್ತು, ಪ್ರತಿ ಸಲ ತುಂಬುತ್ತಿತ್ತು. ಅನಂತನಾಗ್ ಮೈಮೇಲೆ ಹೆಣ್ಣು ದೆವ್ವ ಬಂದಾಗ ಅವರ ನಡಿಗೆ, ಕಣ್ಣು ಎಲ್ಲ ಬದಲಾಗುತ್ತದೆ. ಮುಖವಾಡ ಇಲ್ಲ, ಬರೀ ನಟನೆ. ಕನ್ನಡದಲ್ಲಿ ಹೆದರಿಕೆಯನ್ನು ಅಷ್ಟು ಚೆನ್ನಾಗಿ ಮಾಡಿದ ನಟ ಇನ್ನೊಬ್ಬರಿಲ್ಲ ಅಂತ ನನ್ನ ನಂಬಿಕೆ. ಕೊನೆಗೆ ಕಥೆ ಮಂತ್ರಾಲಯಕ್ಕೆ ಹೋಗುತ್ತದೆ. ಆಗ ಟಾಕೀಸಿನಲ್ಲಿ ಆದದ್ದನ್ನು ಬೇರೆ ಕಡೆಯವರಿಗೆ ವಿವರಿಸುವುದು ಕಷ್ಟ. ಆಯಿ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತು ಕೈ ಮುಗಿದಳು. ಅವಳೊಬ್ಬಳೇ ಅಲ್ಲ, ಸಾಲಿಗೆ ಸಾಲೇ. ನಮ್ಮ ಜಿಲ್ಲೆಯಲ್ಲೇ ಗಾಣಗಾಪುರ ಇದೆ, ಭೀಮಾ ಅಮರ್ಜಾ ಕೂಡುವ ಜಾಗ. ದತ್ತನ ಆರತಿಯ ಹೊತ್ತಿಗೆ ಮೈಮೇಲೆ ಬಂದವರು ಕೂಗುವುದನ್ನು, ಕಂಬ ಹಿಡಿದು ಒದ್ದಾಡುವುದನ್ನು ಅಲ್ಲಿದ್ದ ಎಷ್ಟೋ ಜನ ಕಣ್ಣಾರೆ ನೋಡಿದವರು. ತಮ್ಮ ಮನೆಯ ಮಗಳನ್ನೋ ಸೊಸೆಯನ್ನೋ ಅಲ್ಲಿಗೆ ಕರೆದುಕೊಂಡು ಹೋದವರು ಕೂಡ ಇದ್ದರು. ಅವರು ಪರದೆಯ ಮೇಲೆ ಕಥೆ ನೋಡುತ್ತಿರಲಿಲ್ಲ. ತಮ್ಮ ಮನೆಯ ಕಷ್ಟಕ್ಕೆ ಒಂದು ಕೊನೆ ಸಿಕ್ಕಿದ್ದನ್ನು ನೋಡುತ್ತಿದ್ದರು. ನಾನು ದೆವ್ವ ನಂಬುವುದಿಲ್ಲ. ಆದರೆ ಆ ದಿನ ಕತ್ತಲಲ್ಲಿ ಅತ್ತ ಹೆಂಗಸರನ್ನು ಕಂಡಿದ್ದೇನೆ, ಆದ್ದರಿಂದ ಇವನ್ನು ಮೂಢನಂಬಿಕೆಯ ಪಿಚ್ಚರ್ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಈಗ ಆ ಪ್ರಿಂಟುಗಳು ಎಲ್ಲಿ? 2010ರ ನಂತರ ಕೆಲವೇ ವರ್ಷಗಳಲ್ಲಿ ಟಾಕೀಸುಗಳಿಗೆ ಡಿಜಿಟಲ್ ಬಂತು, ರೀಲು ಹೋಯಿತು. ಬಹಳಷ್ಟು ಹಳೆಯ ಪ್ರಿಂಟುಗಳನ್ನು ತೂಕಕ್ಕೆ ಮಾರಿದರು. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಕರಗಿಸಿ ತೆಗೆಯುತ್ತಾರೆ. ಉಳಿದವು ಗೋದಾಮಿನಲ್ಲಿ ಕೊಳೆತವು. ಹಾಳಾಗುವ ಫಿಲ್ಮಿನ ಡಬ್ಬಿ ತೆರೆದರೆ ಸಿರ್ಕಾ (ವಿನೆಗರ್) ವಾಸನೆ ಬರುತ್ತದೆ, ಅದು ಬಂತೆಂದರೆ ರೋಗ ಹತ್ತಿದೆ ಅಂತಲೇ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಪಿ.ಕೆ. ನಾಯರ್ ತಮ್ಮ ಇಡೀ ಬದುಕನ್ನು ಅದಕ್ಕೆ ಕೊಟ್ಟರು, ಒಳ್ಳೆಯ ಪಿಚ್ಚರ್ ಕೆಟ್ಟ ಪಿಚ್ಚರ್ ಅಂತ ನೋಡದೆ ಸಿಕ್ಕಿದ್ದನ್ನೆಲ್ಲ ಉಳಿಸಬೇಕು ಅನ್ನುತ್ತಿದ್ದರು. ಅವರ ಮಾತು ದೆವ್ವದ ಪಿಚ್ಚರಿಗೆ ಬಹಳ ಬೇಕು, ಯಾಕೆಂದರೆ ಇವನ್ನು ಉಳಿಸಬೇಕು ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ. ಜರ್ಮನಿಯ 'ನೊಸ್ಫೆರಾಟು' ಗೊತ್ತಲ್ಲ, ಮುರ್ನಾವ್ 1922ರಲ್ಲಿ ಮಾಡಿದ್ದು. ಡ್ರಾಕುಲಾ ಕಾದಂಬರಿಯ ಹಕ್ಕು ಕೊಳ್ಳದೆ ಮಾಡಿದ್ದಕ್ಕೆ ಲೇಖಕನ ಹೆಂಡತಿ ಕೋರ್ಟಿಗೆ ಹೋದರು, ಎಲ್ಲ ಪ್ರತಿಗಳನ್ನೂ ನಾಶ ಮಾಡಬೇಕು ಅಂತ ತೀರ್ಪಾಯಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಬೇರೆ ದೇಶಕ್ಕೆ ಹೋಗಿದ್ದವು. ಹಾಗಾಗಿ ನೂರು ವರ್ಷದ ನಂತರವೂ ನಾವು ನೋಡುತ್ತಿದ್ದೇವೆ. ಕೋರ್ಟಿನ ಆಜ್ಞೆಯಿಂದ ಒಂದು ಪಿಚ್ಚರ್ ತಪ್ಪಿಸಿಕೊಂಡಿತು, ನಮ್ಮಲ್ಲಿ ಎಷ್ಟೋ ಪಿಚ್ಚರುಗಳು ತೂಕದ ತಕ್ಕಡಿಯಿಂದ ತಪ್ಪಿಸಿಕೊಳ್ಳಲಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಮಾತು ಮುಗಿದ ಮೇಲೆ ಅದೇ ಹುಡುಗ ಎದ್ದು ಕೇಳಿದ: "ಹಂಗಾದ್ರ ಈಗ ನಾವು ಹ್ಯಾಂಗ ನೋಡಬೇಕ್ರಿ ಸರ್? ಆ ಟಾಕೀಸೇ ಇಲ್ಲ."

ಹೌದು, ಕಾಕಾ ಕೆಲಸ ಮಾಡಿದ ಟಾಕೀಸು ಈಗ ಇಲ್ಲ. ಆದರೆ ಒಬ್ಬೊಬ್ಬರೇ ನೋಡಬೇಡಿ. ಕನಿಷ್ಠ ಮೂವತ್ತು ಜನ ಸೇರಿ. ಯಾರದಾದರೂ ಮನೆಯ ಮಾಳಿಗೆ ಸಾಕು. ಒಂದು ಬಿಳಿ ಧೋತ್ರ ಕಟ್ಟಿ, ಒಂದೇ ಸ್ಪೀಕರ್ ಅದರ ಹಿಂದೆ ಇಡಿ, ಪಕ್ಕದಲ್ಲಿ ಅಲ್ಲ. ಮೊಬೈಲುಗಳನ್ನೆಲ್ಲ ಕೆಳಗೆ ಬುಟ್ಟಿಯಲ್ಲಿ ಹಾಕಿಸಿ. ಪಿಚ್ಚರ್ ಶುರುವಾದ ಮೇಲೆ ಯಾರನ್ನೂ ಮೇಲೆ ಬಿಡಬೇಡಿ. ಈ ನಿಯಮ ನನ್ನದಲ್ಲ, 1960ರಲ್ಲಿ 'ಸೈಕೋ' ಬಂದಾಗ ಹಿಚ್‌ಕಾಕ್ ಟಾಕೀಸುಗಳಿಗೆ ಹಾಕಿದ್ದು. ಮಧ್ಯೆ ನಿಲ್ಲಿಸಬೇಡಿ, ಜಗದೀಪ್ ಬಂದಾಗ ಓಡಿಸಬೇಡಿ, ಹಾಡು ಬಂದಾಗಲೂ ಓಡಿಸಬೇಡಿ. ಅಜ್ಜಿಯರನ್ನು ಕರೆಯಿರಿ. ಬಳೆ ತೊಟ್ಟವರು ಜಾಸ್ತಿ ಇರಲಿ.

ಹುಡುಗರು ಅಲ್ಲೇ ದಿನ ಗೊತ್ತುಮಾಡಿದರು. ಮುಂದಿನ ಅಮಾವಾಸ್ಯೆ ಬೇಡ, ಮನೆಯವರು ಬಿಡುವುದಿಲ್ಲ ಅಂತ ಯಾರೋ ಅಂದರು, ಅದರ ಮರುದಿನ ಅಂತಾಯಿತು. ಮಾಳಿಗೆ ಸಿಕ್ಕಿದೆ. ಕಾಕಾನನ್ನು ನಾನು ಕರೆತರುತ್ತೇನೆ, ಅವರಿಗೆ ಮೆಟ್ಟಿಲು ಹತ್ತಲು ಇಬ್ಬರು ಕೈ ಕೊಡಬೇಕು. ಶೇಂಗಾ ನನ್ನ ಕಡೆಯಿಂದ.